ತಲಕಾವೇರಿಯಿಂದ ಪೂಂಪುಹಾರ್ ತನಕ ಸೈಕಲ್ ಯಾತ್ರೆ: ಅರವತ್ತು ದಾಟಿದವರ ತಯಾರಿ ಹೇಗಿರಬೇಕು?

ಕಿರುಗೂರು ತೋಟ:
ಚಂಗ್ರಾಂದಿಯ (ತುಲಾ ಸಂಕ್ರಮಣದ) ತೀರ್ಥ ಹಿಡಿದುಕೊಂಡು ಹೊಳೆಯ ಜೊತೆಯಲ್ಲೇ ಇಳಿಯುವುದು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ, ಮೂರೂ ಮುಗಿಸಿ ಕಾವೇರಿ ಕಡಲು ಸೇರುವ ಪೂಂಪುಹಾರ್‌ನಲ್ಲಿ ನಿಲ್ಲುವುದು. ಹೊರಡುವವರು ಇಬ್ಬರು, ವಯಸ್ಸು 64 ಮತ್ತು 61. ಒಬ್ಬರಿಗೆ ಬಿಪಿ (ಅಟೆನೊಲಾಲ್), ಇನ್ನೊಬ್ಬರಿಗೆ ಶುಗರ್ (ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್). ಸೈಕಲ್ ಎರಡೂ ಹೈಬ್ರಿಡ್: ಮುಂದೆ 42-34-24 ಹಲ್ಲಿನ ಚಕ್ರಗಳು, ಹಿಂದೆ 7 ಗೇರಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 14-28, ಟೈರು 700x35, ವಿ-ಬ್ರೇಕು. ಕೈಯಲ್ಲಿ ಐದು ತಿಂಗಳಿದೆ. ಯಾವ ಕಾಲ, ಯಾವ ದಾರಿ, ಸೈಕಲ್‌ನಲ್ಲಿ ಏನು ಬದಲಿಸಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು, ತಿಳಿದವರು ಹೇಳಿ. "ಈ ವಯಸ್ಸಿಗೆ ಬೇಕಾ" ಅನ್ನುವ ಉತ್ತರ ಮನೆಯಲ್ಲೇ ಸಾಕಷ್ಟು ಸಿಕ್ಕಿದೆ.

ಬಾಣೆ ಮೂಲೆ:
ಮೊದಲು ಕಾಲ ನಿಶ್ಚಯ ಮಾಡಿ, ಉಳಿದದ್ದು ಅದರ ಹಿಂದೆ ಬರುತ್ತದೆ. ತೋಟದವರಿಗೆ ವರ್ಷದಲ್ಲಿ ಬಿಡುವು ಸಿಗುವುದೇ ಎರಡು ಸಲ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ನಡುವೆ ಹುತ್ತರಿ, ಜನವರಿಯಿಂದ ಮಾರ್ಚ್ ತನಕ ರೊಬಸ್ಟಾ, ಅದರ ಜೊತೆಗೇ ಕರಿಮೆಣಸು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಆದಮೇಲೆ ಹೊರಟರೆ ಈರೋಡು, ಕರೂರಿನ ಏಪ್ರಿಲ್ ಬಿಸಿಲು ಅರವತ್ತರ ಮೈಗೆ ಆಗುವುದಲ್ಲ. ಹಾಗಾಗಿ ತುಲಾ ಮಾಸವೇ (ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ತನಕ) ಸರಿ.

ಆದರೆ ತಮಿಳುನಾಡಿನ ಮಳೆಗಾಲ ಶುರುವಾಗುವುದೂ ಆಗಲೇ. ಹಿಂಗಾರು ಸಾಮಾನ್ಯವಾಗಿ ಅಕ್ಟೋಬರ್ 20ರ ಆಸುಪಾಸಿನಲ್ಲಿ ಕಾಲಿಡುತ್ತದೆ. ತಂಜಾವೂರು, ಮಯಿಲಾಡುತುರೈ ಕಡೆಗೆ ನೀವು ಮುಟ್ಟುವುದು ನವೆಂಬರ್ ಎರಡನೇ ವಾರ, ಅಂದರೆ ಮಳೆ ಜೋರಾಗಿರುವ ಹೊತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ಮೂರು ದಿನ ಲಾಡ್ಜ್ ಬಿಟ್ಟು ಹೊರಡುವ ಹಾಗಿಲ್ಲ. ಆ ದಿನಗಳನ್ನು ಮೊದಲೇ ಲೆಕ್ಕದಲ್ಲಿ ಇಡಿ.

ಗಾಳಿಯನ್ನೂ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಪಡುವಣ ಗಾಳಿ ಈರೋಡು, ಕರೂರಿನಲ್ಲಿ ಬೆನ್ನಿಗಿರುತ್ತದೆ. ತುಲಾ ಮಾಸದಲ್ಲಿ ಅದೇ ದಾರಿಯಲ್ಲಿ ಈಶಾನ್ಯದ ಗಾಳಿ ಮುಖಕ್ಕೆ. ಸಪಾಟು ರಸ್ತೆ ಅಂತ ದಿನಕ್ಕೆ 70 ಕಿ.ಮೀ. ಬರೆದುಕೊಂಡವರು ಅಲ್ಲೇ ಸೋಲುವುದು. ಗಾಳಿ ಏಳುವುದು ಬಿಸಿಲೇರಿದ ಮೇಲೆ, ಹತ್ತು ಗಂಟೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸಿ.

ಹರಿಶ್ಚಂದ್ರ ಘಾಟ್:
ಬಾಣೆ ಸಾರ್ ಹೇಳಿದ್ದು ಸರಿ. ತುಲಾ ಮಾಸ ಬಿಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮಯಿಲಾಡುತುರೈಯಲ್ಲಿ ಇಡೀ ತಿಂಗಳು ತುಲಾ ಸ್ನಾನ, ತಿಂಗಳ ಕೊನೆಯ ದಿನದ್ದು ಕಡೈಮುಗಂ, ನವೆಂಬರ್ 16ರ ಹೊತ್ತಿಗೆ. ಈ ತುದಿಯಲ್ಲಿ ಮೊದಲ ದಿನ, ಆ ತುದಿಯಲ್ಲಿ ಕೊನೆಯ ದಿನ, ನಡುವೆ ಮೂವತ್ತು ದಿನ. ವಯಸ್ಸಾದವರ ಸೈಕಲ್ ಯಾತ್ರೆಗೆ ಇದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಯಾರೂ ಮಾಡಿಕೊಡಲಾರರು. ಒಂದು ದಿನ ತಡವಾದರೂ ಚಿಂತೆ ಬೇಡ, ಮರುದಿನ ಅಲ್ಲಿ ಮುಡವನ್ ಮುಳುಕ್ಕು ಅಂತ ಇದೆ. ತಡವಾಗಿ ಬಂದು ಮುಟ್ಟಿದ ಕುಂಟನೊಬ್ಬನಿಗಾಗಿ ಸ್ನಾನಫಲವನ್ನು ಒಂದು ದಿನ ಮುಂದುವರಿಸಿದ ಐತಿಹ್ಯ. ನಮ್ಮಂಥ ಮೊಣಕಾಲಿನವರಿಗೆ ಹೇಳಿ ಮಾಡಿಸಿದ್ದು.

ಸಂಕ್ರಮಣದ ದಿನವೇ ತಲಕಾವೇರಿಯಿಂದ ಸೈಕಲ್ ಬಿಡುವ ಆಸೆ ಮಾತ್ರ ಬೇಡ. ತೀರ್ಥೋದ್ಭವದ ಗಳಿಗೆ ವರ್ಷ ವರ್ಷ ಬೇರೆ, ರಾತ್ರಿಯೂ ಇರಬಹುದು. ಭಾಗಮಂಡಲದಿಂದ ಮೇಲಕ್ಕೆ 8 ಕಿ.ಮೀ. ಪೂರ್ತಿ ಜನ, ಬಸ್ಸು. ಅಂದು ಬಸ್ಸಿನಲ್ಲಿ ಹೋಗಿ ತೀರ್ಥ ತನ್ನಿ. ಮರುದಿನವೋ ಅದರ ಮಾರನೆಯ ದಿನವೋ ಸಾಮಾನನ್ನೆಲ್ಲ ಭಾಗಮಂಡಲದ ರೂಮಿನಲ್ಲಿ ಇಟ್ಟು ಖಾಲಿ ಸೈಕಲ್‌ನಲ್ಲಿ ಹತ್ತಿ, ಕೈಮುಗಿದು ಇಳಿಯಿರಿ. ಅಲ್ಲಿಂದ ನಿಮ್ಮ ಯಾತ್ರೆ ಶುರು.

ಸ್ಪೋಕ್ ಕೀಲಿ:
ಸೈಕಲ್ ವಿಷಯ ನನಗೆ ಬಿಡಿ. 24/28 ಗೇರ್ (ಮುಂದೆ 24, ಹಿಂದೆ 28 ಹಲ್ಲು) ಕೊಡಗಿಗೆ ಸಾಲದು. ಲೆಕ್ಕ ಹೀಗೆ: 700x35 ಚಕ್ರದ ಸುತ್ತಳತೆ ಸುಮಾರು 2.17 ಮೀಟರ್. 24/28ರಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ 1.86 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 6.7 ಕಿ.ಮೀ. ವೇಗ ಇರಲೇಬೇಕು. ಆಳು 75 ಕೆ.ಜಿ., ಸೈಕಲ್ 15, ಸಾಮಾನು 12 ಅಂತ ಇಟ್ಟುಕೊಂಡರೆ 8 ಶೇಕಡಾ ಏರಿನಲ್ಲಿ ಇದಕ್ಕೆ 160 ವ್ಯಾಟ್ ಮೇಲೆ ಶಕ್ತಿ ಬೇಕು. ಅರವತ್ತು ದಾಟಿದವರು ಅದನ್ನು ಅರ್ಧ ಗಂಟೆ ಎಳೆಯುವುದು ಕಷ್ಟ. ಆಗ ಸುತ್ತು 40ಕ್ಕೆ ಇಳಿಯುತ್ತದೆ, ಪ್ರತಿ ತುಳಿತದ ಭಾರ ಮಂಡಿಚಿಪ್ಪಿನ ಮೇಲೆ. ಮೂರನೇ ದಿನ ಮೊಣಕಾಲು ಊದಿದರೆ ವಯಸ್ಸನ್ನು ದೂರಬೇಡಿ, ಅದು ಗೇರಿನ ತಪ್ಪು.

ಹಿಂದಿನ ಫ್ರೀವೀಲ್ ತೆಗೆದು 14-34 ಹಾಕಿ. 24/34ರಲ್ಲಿ ಒಂದು ಸುತ್ತಿಗೆ 1.53 ಮೀಟರ್, 60 ಸುತ್ತಿಗೆ 5.5 ಕಿ.ಮೀ., ಬೇಕಾದ ಶಕ್ತಿ 135 ವ್ಯಾಟ್ ಹತ್ತಿರ. ಮುಂದಿನ ಸಣ್ಣ ಚಕ್ರ 22 ಹಲ್ಲಿನದು ಸಿಕ್ಕಿ ನಿಮ್ಮ ಕ್ರ್ಯಾಂಕಿಗೆ ಕೂತರೆ ಇನ್ನೂ ಒಳ್ಳೆಯದು. ನೆನಪಿಡಬೇಕಾದ್ದು ಮೂರು. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) 34 ಹಲ್ಲಿನ ತನಕ ಕೆಲಸ ಮಾಡುವ ಮಾದರಿಯೇ ನೋಡಿಕೊಳ್ಳಿ, 28ಕ್ಕೇ ಮುಗಿಯುವ ಮಾದರಿಗಳೂ ಇವೆ. ಹಳೇ ಚೈನ್ ಉದ್ದ ಸಾಲುವುದಿಲ್ಲ: ಹೊಸ ಚೈನನ್ನು ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಡಿರೇಲರ್ ಬಿಟ್ಟು ನೇರ ಸುತ್ತಿ, ಅದರ ಮೇಲೆ ಒಂದಿಂಚು ಹೆಚ್ಚು ಇಟ್ಟು ಕತ್ತರಿಸಿ. ಮೂರನೆಯದು, ಹಳೇ ಚೈನ್‌ಗೆ ಹೊಸ ಫ್ರೀವೀಲ್ ಹಾಕಬೇಡಿ, ಹಾರುತ್ತದೆ. 24 ಪಿನ್ನಿನ ಉದ್ದ ಹೊಸತರಲ್ಲಿ ಸರಿಯಾಗಿ 12 ಇಂಚು, ಅದು 12 ಮತ್ತು ಹದಿನಾರನೇ ಒಂದು ಇಂಚು ಆಗಿದ್ದರೆ ಚೈನ್ ಮುಗಿದಿದೆ.

ಫ್ರೀವೀಲ್ ಹಬ್ಬಿನ ಇನ್ನೊಂದು ರೋಗ: ಬಲಗಡೆಯ ಬೇರಿಂಗ್ ತುಂಬಾ ಒಳಗಿರುವುದರಿಂದ ಭಾರ ಹೊತ್ತು ಗುಂಡಿಗೆ ಬಿದ್ದರೆ ಹಿಂದಿನ ಆಕ್ಸಲ್ ಬಗ್ಗುತ್ತದೆ ಅಥವಾ ಮುರಿಯುತ್ತದೆ. ಕ್ವಿಕ್ ರಿಲೀಸ್ (ಲಿವರ್‌ನಿಂದ ಬಿಚ್ಚುವ ಟೊಳ್ಳು ಆಕ್ಸಲ್) ಇದ್ದರೆ ಗಟ್ಟಿ ಆಕ್ಸಲ್ ಮತ್ತು 15 ಎಂ.ಎಂ. ನಟ್ಟಿಗೆ ಬದಲಿಸಿ. ಹಿಂದಿನ ಚಕ್ರಕ್ಕೆ 36 ಕಡ್ಡಿ ಇರಲಿ. ಮುರಿಯುವುದು ಹೆಚ್ಚಾಗಿ ಬಲಗಡೆ, ಫ್ರೀವೀಲ್ ಹಿಂದಿನ ಕಡ್ಡಿ. ಆ ಅಳತೆಯ ನಾಲ್ಕು ಕಡ್ಡಿಗಳನ್ನು ನಿಪ್ಪಲ್ ಸಮೇತ ಸೀಟ್‌ಪೋಸ್ಟಿನ ಕೊಳವೆಯೊಳಗೆ ಟೇಪ್ ಸುತ್ತಿ ಇಡಿ. ಊರೂರಿನ ಸೈಕಲ್ ಅಂಗಡಿಯಲ್ಲಿ ಸಿಗುವುದು 28 ಇಂಚಿನ ಹಳೇ ಸೈಕಲ್‌ನ ಕಡ್ಡಿ, ನಿಮ್ಮದಕ್ಕೆ ಆಗುವುದಿಲ್ಲ.

ನಾಪೋಕ್ಲು ಇಳಿಜಾರು:
ಎಲ್ಲರೂ ಏರಿನ ಮಾತಾಡುತ್ತಾರೆ. ಏರಿನಲ್ಲಿ ಸುಸ್ತಾದರೆ ಇಳಿದು ತಳ್ಳಬಹುದು. ಆಪತ್ತು ಇರುವುದು ಇಳಿತದಲ್ಲಿ. ವಯಸ್ಸಾದಂತೆ ಕೈಹಿಡಿತವೂ ಕಡಿಮೆಯಾಗುತ್ತದೆ, ಕುತ್ತಿಗೆ ಎತ್ತಿ ದೂರ ನೋಡುವ ಶಕ್ತಿಯೂ. ಎರಡೂ ಬೇಕಾಗುವುದು ಇಳಿಯುವಾಗ.

ತಲಕಾವೇರಿ ಸುಮಾರು 1,276 ಮೀಟರ್ ಎತ್ತರ, ಭಾಗಮಂಡಲ 900ರ ಆಸುಪಾಸು. 8 ಕಿ.ಮೀ.ನಲ್ಲಿ ಇಷ್ಟು ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಬಂದರೆ ರಿಮ್ ಕಾದು, ರಬ್ಬರ್ ಜಾರುತ್ತದೆ. ತಿರುವಿಗೆ ಮೊದಲು ಮುಂದಿನದು ಹಿಂದಿನದು ಎರಡನ್ನೂ ಸೇರಿಸಿ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಹಿಡಿ, ಬಿಡು, ಹಿಡಿ, ಬಿಡು. ಎರಡು ಕಿ.ಮೀ.ಗೊಮ್ಮೆ ನಿಂತು ಕೈ ಕೊಡವಿ. ಲಿವರ್ ದೂರ ಇದ್ದರೆ ಅದರ ಬುಡದಲ್ಲಿರುವ ಸಣ್ಣ ತಿರುಪು ಒಳಕ್ಕೆ ತಿರುಗಿಸಿದರೆ ಬೆರಳಿಗೆ ಹತ್ತಿರ ಬರುತ್ತದೆ. ಬಹಳ ಜನಕ್ಕೆ ಆ ತಿರುಪು ಇರುವುದೇ ಗೊತ್ತಿಲ್ಲ.

ಮಳೆಗಾಲ ಮುಗಿದ ರಸ್ತೆಯ ಕೆಂಪು ಮಣ್ಣು ಬ್ರೇಕ್ ರಬ್ಬರನ್ನು ಅರದಂತೆ ತಿನ್ನುತ್ತದೆ. ಸಂಜೆ ರಬ್ಬರನ್ನು ಬಿಚ್ಚಿ ನೋಡಿದರೆ ಅದರೊಳಗೆ ಹೊಳೆಯುವ ಅಲ್ಯೂಮಿನಿಯಂ ಚೂರು ಹೂತಿರುತ್ತದೆ, ರಿಮ್‌ನಿಂದಲೇ ಕಿತ್ತು ಬಂದದ್ದು. ಸೂಜಿಯಿಂದ ಎಬ್ಬಿಸಿ ತೆಗೆದು, ಮೇಲ್ಮೈಯನ್ನು ಮರಳುಕಾಗದದಲ್ಲಿ ಉಜ್ಜಿ ಹಾಕಿ. ಹಾಗೇ ಬಿಟ್ಟರೆ ರಿಮ್‌ನಲ್ಲಿ ಗೀರು ಬಿದ್ದು, ಗೀರು ಇನ್ನಷ್ಟು ರಬ್ಬರ್ ತಿನ್ನುತ್ತದೆ. ಇಬ್ಬರಿಗೆ ಸೇರಿ ನಾಲ್ಕು ಜೊತೆ ರಬ್ಬರ್, ಹಿಂದಿನ ಬ್ರೇಕ್ ವಯರ್ ಎರಡು ಇರಲಿ. ಹಿಂದಿನದ್ದನ್ನು ಕತ್ತರಿಸಿ ಮುಂದಕ್ಕೂ ಹಾಕಬಹುದು, ಮುಂದಿನದ್ದು ಹಿಂದಕ್ಕೆ ಸಾಲದು.

ದಾರಿ: ಭಾಗಮಂಡಲದಿಂದ ಮಡಿಕೇರಿಗೆ ಹತ್ತಿ ಮತ್ತೆ ಕುಶಾಲನಗರಕ್ಕೆ ಇಳಿಯುವುದು ಯಾಕೆ? ನಾಪೋಕ್ಲು, ಮೂರ್ನಾಡು, ಬೇತ್ರಿಯಲ್ಲಿ ಹೊಳೆ ದಾಟಿ ವಿರಾಜಪೇಟೆಗೆ. ರಾತ್ರಿ ಅಲ್ಲಿ. ಮರುದಿನ ಅಮ್ಮತ್ತಿ, ಸಿದ್ದಾಪುರ, ನೆಲ್ಲಿಹುದಿಕೇರಿ, ಗುಡ್ಡೆಹೊಸೂರು, ಕುಶಾಲನಗರ. ಹೊಳೆಯೂ ಹತ್ತಿರ, ಮಡಿಕೇರಿಯ ಗಾಡಿಗಳ ಸಾಲೂ ಇಲ್ಲ. ಬಲಮುರಿಯೂ ಈ ಕಡೆಗೇ ಸಿಗುತ್ತದೆ.

ಮಾಲ್ದಾರೆ:
ನಾಪೋಕ್ಲು ಅವರ ದಾರಿ ಚೆನ್ನ, ಒಂದು ಷರತ್ತಿನ ಮೇಲೆ. ಅಮ್ಮತ್ತಿ, ಸಿದ್ದಾಪುರ ಭಾಗದಲ್ಲಿ ಆನೆಗಳು ಹಗಲು ತೋಟದೊಳಗೇ ನಿಲ್ಲುತ್ತವೆ, ಬೆಳಗಿನ ಜಾವ ರಸ್ತೆ ದಾಟುತ್ತವೆ. ಸೈಕಲ್‌ಗೆ ಸದ್ದಿಲ್ಲ, ತಿರುವಿನಲ್ಲಿ ನೀವು ಬಂದದ್ದು ಅದಕ್ಕೂ ಗೊತ್ತಾಗುವುದಿಲ್ಲ. ಬಿಸಿಲು ಬಿದ್ದು ಕೆಲಸದವರ ಜೀಪು ಓಡಾಡಲು ಶುರುವಾದ ಮೇಲೆಯೇ ಹೊರಡಿ, ಏಳೂವರೆ ಆದರೂ ಆಗಲಿ. ಹಸಿ ಲದ್ದಿ, ಮುರಿದ ಬಾಳೆ ಅಥವಾ ಬೈನೆ ಕಂಡರೆ ನಿಂತು, ಹಿಂದಿನಿಂದ ಬರುವ ಗಾಡಿಯ ಜೊತೆ ದಾಟಿ. ಗಂಟೆ ಬಾರಿಸಿ ಓಡಿಸುವ ಪ್ರಯತ್ನ ಬೇಡ. ಅಭ್ಯಾಸದ ಸವಾರಿಗೂ ಇದೇ ನಿಯಮ.

ಕಿರುಗೂರು ತೋಟ:
ಎಲ್ಲರಿಗೂ ವಂದನೆ. ಕುಶಾಲನಗರದ ಆಚೆ ಹುಣಸೂರು ಹೆದ್ದಾರಿಯೋ, ಬೇರೆ ದಾರಿ ಇದೆಯೋ? ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು?

ಹರಿಶ್ಚಂದ್ರ ಘಾಟ್:
ಪಿರಿಯಾಪಟ್ಟಣ, ಹುಣಸೂರು ಹೆದ್ದಾರಿ ಬೇಡ. ಕೂಡಿಗೆ (ಹಾರಂಗಿ ಸೇರುವ ಜಾಗ), ಹೆಬ್ಬಾಲೆ, ಶಿರಂಗಾಲ, ಕೊಣನೂರು, ರಾಮನಾಥಪುರ. ಅಲ್ಲಿಂದ ಸಾಲಿಗ್ರಾಮ, ಕೆ.ಆರ್. ನಗರ, ಶ್ರೀರಂಗಪಟ್ಟಣ. ಆಮೇಲೆ ಬನ್ನೂರು, ಸೋಮನಾಥಪುರ, ತಿರುಮಕೂಡಲು ನರಸೀಪುರ, ತಲಕಾಡು, ಶಿವನಸಮುದ್ರ, ಕೊಳ್ಳೇಗಾಲ. ಭತ್ತದ ಗದ್ದೆ, ನಾಲೆ ಏರಿ, ಕಬ್ಬಿನ ಗಾಡಿ. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಅಡ್ಡ ಬರುತ್ತದೆ, ಅದರ ಮುಖ್ಯ ರಸ್ತೆಗೆ ಸೈಕಲ್ ಬಿಡುವುದಿಲ್ಲ, ಸರ್ವಿಸ್ ರಸ್ತೆ ಹಿಡಿಯಿರಿ.

ಒಟ್ಟು 800 ಕಿ.ಮೀ. ಆಚೀಚೆ. ದಿನಕ್ಕೆ 45 ಅಂತ ಇಟ್ಟರೆ ಹದಿನೆಂಟು ದಿನದ ಸವಾರಿ. ಮೂರು ದಿನ ತುಳಿದು ಒಂದು ದಿನ ಪೂರ್ತಿ ವಿಶ್ರಾಂತಿ, ಆ ದಿನ ಕ್ಷೇತ್ರದಲ್ಲೇ ಬೀಳುವ ಹಾಗೆ: ಶ್ರೀರಂಗಪಟ್ಟಣ, ತಲಕಾಡು, ಭವಾನಿ, ಶ್ರೀರಂಗ, ಕುಂಭಕೋಣ. ಅಲ್ಲಿಗೆ ಇಪ್ಪತ್ನಾಲ್ಕು ದಿನದೊಳಗೆ ಮುಗಿಯುತ್ತದೆ, ಆರು ದಿನ ಮಳೆಗೆ ಮತ್ತು ದೇಹಕ್ಕೆ. ವಿಶ್ರಾಂತಿಯ ದಿನ ಗಿರಿ ಮೆಟ್ಟಿಲು ಹತ್ತುವ ಕಾರ್ಯಕ್ರಮ ಇಟ್ಟುಕೊಂಡರೆ ಅದು ವಿಶ್ರಾಂತಿ ಅಲ್ಲ, ಇಷ್ಟು ಹೇಳಿದ್ದೇನೆ.

ಮಂಡಿಚಿಪ್ಪು:
ಫಿಸಿಯೋಥೆರಪಿ ನನ್ನ ಕೆಲಸ, ಔಷಧಿಯ ಡೋಸು ನಿಮ್ಮ ಡಾಕ್ಟರದ್ದು. ಅವರ ಮುಂದೆ ಇಡಬೇಕಾದ ಪ್ರಶ್ನೆಗಳನ್ನು ಹೇಳುತ್ತೇನೆ.

ಇಬ್ಬರೂ ಇಸಿಜಿ, ಎಕೋ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿ. ಟಿಎಂಟಿ ಅಭ್ಯಾಸ ಶುರುಮಾಡುವ ಮೊದಲೇ ಆಗಬೇಕು, ಹೊರಡುವ ಹಿಂದಿನ ವಾರ ಅಲ್ಲ. ಅಟೆನೊಲಾಲ್ ತೆಗೆದುಕೊಳ್ಳುವವರಿಗೆ ಏರಿನಲ್ಲೂ ನಾಡಿ ಹೆಚ್ಚು ಏರುವುದಿಲ್ಲ. ಹಾಗಾಗಿ ಕೈಗಡಿಯಾರದ ಹೃದಯ ಬಡಿತ ನೋಡಿ "ಇನ್ನೂ ಶಕ್ತಿ ಇದೆ" ಅಂದುಕೊಳ್ಳಬೇಡಿ. ತುಳಿಯುತ್ತಲೇ ಪೂರ್ತಿ ಒಂದು ವಾಕ್ಯ ಹೇಳಲು ಆಗಬೇಕು, ಆಗದಿದ್ದರೆ ಗೇರ್ ಇಳಿಸಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ, ಬಿಪಿ ಮತ್ತು ಎದೆ ಬಡಿತ ಹಠಾತ್ತನೆ ಏರಬಹುದು.

ಶುಗರ್‌ನವರಿಗೆ ಮೆಟ್‌ಫಾರ್ಮಿನ್‌ಗಿಂತ ಗ್ಲಿಮೆಪಿರೈಡ್ ಮೇಲೆ ಕಣ್ಣಿರಲಿ. ದಿನಾ ನಾಲ್ಕು ಗಂಟೆ ತುಳಿದರೆ ಅದೇ ಡೋಸ್ ಸಕ್ಕರೆಯನ್ನು ತೀರಾ ಕೆಳಗಿಳಿಸುತ್ತದೆ, ಕೆಲವೊಮ್ಮೆ ರಾತ್ರಿ ನಿದ್ದೆಯಲ್ಲಿ. ಯಾತ್ರೆಯ ದಿನಗಳಿಗೆ ಡೋಸ್ ಇಳಿಸಬೇಕೇ ಅಂತ ಕೇಳಿ, ಮತ್ತು ಅಭ್ಯಾಸದ ವಾರಗಳಲ್ಲೇ ಆ ಡೋಸನ್ನು ಪರೀಕ್ಷಿಸಿ ನೋಡಿ. ಹೊರಡುವ ಮೊದಲು 100ಕ್ಕಿಂತ ಕಡಿಮೆ ಇದ್ದರೆ ತಿಂದೇ ಹೊರಡಬೇಕು. 70ರ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಗ್ಲೂಕೋಸ್ ಇರಬೇಕಾದ್ದು ಹ್ಯಾಂಡಲ್ ಚೀಲದಲ್ಲಿ, ಹಿಂದಿನ ಚೀಲದ ತಳದಲ್ಲಿ ಅಲ್ಲ. ಅದು ಎಲ್ಲಿದೆ ಅಂತ ಜೊತೆಗಾರರಿಗೂ ಗೊತ್ತಿರಬೇಕು. ಏಕಾದಶಿ, ಸೋಮವಾರದ ಉಪವಾಸ ಇದ್ದರೆ ಅಂದು ಸೈಕಲ್‌ಗೂ ಉಪವಾಸ.

ಒಆರ್‌ಎಸ್ ಒಂದು ಪ್ಯಾಕೆಟ್ ಒಂದು ಲೀಟರಿಗೆ, ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಶುಗರ್‌ನವರು ಹೆದರಬೇಕಿಲ್ಲ, ಅದರಲ್ಲಿರುವ ಗ್ಲೂಕೋಸ್ ಲೀಟರಿಗೆ 13.5 ಗ್ರಾಂ ಮಾತ್ರ. ಅದೇ ಹೆಸರಿನ ಹಾಗೆ ಕಾಣುವ ಸಿಹಿ ಪಾನೀಯದ ಡಬ್ಬಿ ಬೇರೆ, ಅದು ಬೇಡ.

ಮೊಣಕಾಲಿನ ಮುಂಭಾಗ ನೋವಾದರೆ ಸೀಟು ತಗ್ಗಿದೆ, ಹಿಂಭಾಗ ನೋವಾದರೆ ಎತ್ತರ ಹೆಚ್ಚಿದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅತಿ ಕೆಳಗೆ ತಂದಾಗ ಕಾಲು ನೇರ ಆಗಬೇಕು, ಸೊಂಟ ಓಲಬಾರದು. ನಮ್ಮ ಊರಲ್ಲಿ ಎಲ್ಲರೂ ಕಾಲು ನೆಲಕ್ಕೆ ಎಟುಕಲಿ ಅಂತ ಸೀಟು ತಗ್ಗಿಸಿಕೊಳ್ಳುತ್ತಾರೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯುವುದನ್ನು ಅಂಗಳದಲ್ಲೇ ಕಲಿತುಕೊಳ್ಳಿ. ಸೊಂಟ ಎತ್ತಿ ಕಾಲು ಹಾಯಿಸಲು ಕಷ್ಟವಿದ್ದರೆ ನಡುಕೊಳವೆ ತಗ್ಗಿರುವ ಫ್ರೇಮು ಕೊಳ್ಳಿ. ಅದನ್ನು ಹೆಂಗಸರ ಸೈಕಲ್ ಅಂತ ನಾಚುವವರೇ ಸಾಮಾನು ಹೇರಿದ ಸೈಕಲ್ ಸಮೇತ ಅಡ್ಡ ಬೀಳುವುದು.

ಕುಶಾಲನಗರ ಅಕ್ಕ:
61ರವರು ಹೆಂಗಸಾದರೆ ಇದು ಅವರಿಗೆ, ಅಲ್ಲದಿದ್ದರೂ ನಷ್ಟವಿಲ್ಲ. ಮೆತ್ತನೆ ಜೆಲ್ ಸೀಟು, ಅದರ ಮೇಲೆ ಇನ್ನೊಂದು ಜೆಲ್ ಕವರ್ ಹಾಕಿದರೆ ಒಂದು ಗಂಟೆ ಸುಖ, ಆಮೇಲೆ ಮೆತ್ತೆ ನಡುವೆ ಉಬ್ಬಿ ಮೃದು ಭಾಗವನ್ನು ಒತ್ತುತ್ತದೆ, ಮರಗಟ್ಟುತ್ತದೆ. ಕೂರುವ ಎರಡು ಮೂಳೆಗಳಿಗೆ ತಕ್ಕ ಅಗಲದ, ನಡುವೆ ತೆರವಿರುವ, ಸ್ವಲ್ಪ ಗಟ್ಟಿ ಸೀಟು ಬೇಕು. ಅಗಲ ತಿಳಿಯಲು ದಪ್ಪ ರಟ್ಟಿನ ಮೇಲೆ ಕೂತು ಮುಂದಕ್ಕೆ ಬಾಗಿ ಏಳಿ, ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುವಣ ಅಂತರಕ್ಕೆ ಎರಡು ಸೆಂ.ಮೀ. ಸೇರಿಸಿ. ಪ್ಯಾಡ್ ಚಡ್ಡಿಯ ಒಳಗೆ ಮತ್ತೊಂದು ಒಳಉಡುಪು ಹಾಕಬಾರದು, ಹೊಲಿಗೆ ಉಜ್ಜಿ ಗಾಯ ಮಾಡುವುದೇ ಅದು. ಮೇಲೆ ಸಡಿಲ ಪ್ಯಾಂಟು, ಕುರ್ತಾ ಹಾಕಿಕೊಂಡರೆ ದೇವಸ್ಥಾನಕ್ಕೂ ಆಯಿತು. ಬಲಗಾಲಿಗೆ ಪಟ್ಟಿ ಕಟ್ಟಿ, ದುಪಟ್ಟಾ ಚೀಲದೊಳಗಿರಲಿ.

ಈ ಯಾತ್ರೆಗೇ ಸೇರಿದ ತೊಂದರೆ ಒಂದಿದೆ: ನದಿ ಸ್ನಾನ. ಒದ್ದೆ ಚಡ್ಡಿಯಲ್ಲೇ ಸೀಟು ಹತ್ತಿದರೆ ಹತ್ತು ಕಿ.ಮೀ.ನಲ್ಲಿ ತೊಡೆಸಂದು ಸುಲಿಯುತ್ತದೆ. ಸ್ನಾನವನ್ನು ದಿನದ ಸವಾರಿ ಮುಗಿದ ಮೇಲೆ ಇಟ್ಟುಕೊಳ್ಳಿ. ಬೆಳಗ್ಗೆಯೇ ಆಗಬೇಕೆಂದರೆ ಬೇರೆ ಬಟ್ಟೆಯಲ್ಲಿ ಮುಳುಗಿ, ಪೂರ್ತಿ ಒರೆಸಿ, ಒಣ ಚಡ್ಡಿ ಹಾಕಿ. ಮಳೆಯಲ್ಲಿ ಒಣಗುವುದಿಲ್ಲವಾದ್ದರಿಂದ ಮೂರು ಜೊತೆ ಬೇಕು. ಸೋಪಾನ ಇರುವ ಘಟ್ಟದಲ್ಲಿ ಮಾತ್ರ ಇಳಿಯಿರಿ. ಕೆ.ಆರ್.ಎಸ್., ಮೆಟ್ಟೂರಿನಿಂದ ನೀರು ಬಿಟ್ಟರೆ ಕೆಳಗೆ ಬೇಗ ಏರುತ್ತದೆ, ತಲಕಾಡಿನ ಮರಳು ನೋಡಲು ಚೆಂದ, ಕಾಲಡಿ ಗುಂಡಿ.

ಸ್ಪೋಕ್ ಕೀಲಿ:
ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಪಡೆ. ಹ್ಯಾಂಡಲ್ ಸೀಟಿನಷ್ಟೇ ಎತ್ತರ ಅಥವಾ ಒಂದೆರಡು ಇಂಚು ಮೇಲಿರಲಿ. ನೇರ ಹ್ಯಾಂಡಲ್ ಆದರೆ ತುದಿಗೆ ಬಾರ್ ಎಂಡ್ ಕೊಂಬು ಹಾಕಿ, ಕೈ ಬದಲಿಸಲು ಜಾಗ ಸಿಗುತ್ತದೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈ ಅಂಚಿನ ನರದ ಮೇಲೆ ಭಾರ ಬೀಳುತ್ತಿದೆ ಅಂತ. ಅಲಕ್ಷ್ಯ ಮಾಡಿದರೆ ಲುಂಗಿ ಗಂಟು ಹಾಕಲೂ ಬೆರಳು ಬಾರದ ಸ್ಥಿತಿ ವಾರಗಟ್ಟಲೆ ಇರುತ್ತದೆ.

ಕೊಳ್ಳೇಗಾಲ ರಸ್ತೆ:
ಇಷ್ಟು ಹೊತ್ತು ಯಾರೂ ಮಹದೇಶ್ವರ ಬೆಟ್ಟದ ಮಾತೇ ಎತ್ತಲಿಲ್ಲ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ, ಬೆಟ್ಟ, ಆಮೇಲೆ ಪಾಲಾರ್ ಕಡೆಗೆ ಇಳಿದು ಮೆಟ್ಟೂರು. ಇಡೀ ಯಾತ್ರೆಯಲ್ಲಿ ಅತಿ ಕಷ್ಟದ ಎರಡು ದಿನ ಇವೇ. 2013ರಿಂದ ವನ್ಯಧಾಮ, ನಡುವೆ ನೀರಿಲ್ಲ, ಅಂಗಡಿ ವಿರಳ. ನನ್ನ ಸಲಹೆ: ಹನೂರಿನಲ್ಲಿ ರಾತ್ರಿ ಉಳಿದು ಬೆಳಗ್ಗೆ ಬೆಟ್ಟ ಹತ್ತಿ, ಅಲ್ಲಿ ಪ್ರಾಧಿಕಾರದ ವಸತಿಗೃಹದಲ್ಲಿ ತಂಗಿ, ಮರುದಿನ ಹೊತ್ತೇರಿದ ಮೇಲೆ ಇಳಿಯಿರಿ. ತಲಾ ಮೂರು ಲೀಟರ್ ನೀರು.

ನಾಪೋಕ್ಲು ಇಳಿಜಾರು:
ಒಪ್ಪುವುದಿಲ್ಲ ಸಾರ್. ವಿ-ಬ್ರೇಕಿನ ಸೈಕಲ್, ಹಿಂದೆ 12 ಕೆ.ಜಿ., ಎದುರಿಗೆ ಬಸ್ಸು ಬರುವ ಹೇರ್‌ಪಿನ್ ಸಾಲು. ಕೊಳ್ಳೇಗಾಲದಲ್ಲಿ ಒಂದು ಪಿಕಪ್ ಹಿಡಿದು ಬೆಟ್ಟಕ್ಕೆ ಹೋಗಿ ದರ್ಶನ ಮಾಡಿ, ಅದರಲ್ಲೇ ಮೆಟ್ಟೂರಿಗೆ ಇಳಿಯಲಿ. ಹೊಳೆಯೇ ಅಲ್ಲಿ ಮೇಕೆದಾಟು, ಹೊಗೇನಕಲ್ ಸುತ್ತಿ ಕಾಡೊಳಗೆ ಹೋಗುತ್ತದೆ, ರಸ್ತೆ ಹೇಗೂ ಹೊಳೆಯ ಜೊತೆ ಇಲ್ಲ.

ಕೊಳ್ಳೇಗಾಲ ರಸ್ತೆ:
ಹತ್ತುವುದು ಸೈಕಲ್‌ನಲ್ಲಿ, ಇಳಿಯುವುದು ಪಿಕಪ್‌ನಲ್ಲಿ. ಇದಕ್ಕಾದರೂ ಒಪ್ಪುತ್ತೀರಾ?

ನಾಪೋಕ್ಲು ಇಳಿಜಾರು:
ಹತ್ತಲು ಶಕ್ತಿ ಇದ್ದರೆ ಹತ್ತಲಿ. ಇಳಿತದ ಬಗ್ಗೆ ಮಾತ್ರ ನನ್ನ ಮಾತು. ಪಿಕಪ್‌ನಲ್ಲಿ ಸೈಕಲ್ ಮಲಗಿಸುವುದಾದರೆ ಡಿರೇಲರ್ ಇರುವ ಬಲಗಡೆ ಮೇಲೆ ಬರಬೇಕು, ಕೆಳಗೆ ಗೋಣಿ.

ಕಾವೇರಿ ಕೆಳದಂಡೆ:
ಮೆಟ್ಟೂರಿನಿಂದ ಕೆಳಗೆ ನಾನು ಹೇಳುತ್ತೇನೆ. ಮೆಟ್ಟೂರು, ಭವಾನಿ (ಕೂಡುತುರೈ ಸಂಗಮೇಶ್ವರ), ಈರೋಡು, ಕೊಡುಮುಡಿ, ಕರೂರು, ಕುಳಿತಲೈ, ಮುಕ್ಕೊಂಬು, ಶ್ರೀರಂಗ. ಅಲ್ಲಿಂದ ಕಲ್ಲಣೈ, ತಿರುವೈಯಾರು, ಕುಂಭಕೋಣ, ಮಯಿಲಾಡುತುರೈ, ಪೂಂಪುಹಾರ್. ಕಲ್ಲಣೈಯಿಂದ ಕೆಳಗೆ ನದಿಯ ಏರಿಯ ಮೇಲೆ ಸಣ್ಣ ರಸ್ತೆಗಳಿವೆ, ಮಳೆ ಬಂದರೆ ಜೇಡಿಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ತುಂಬಿ ಸೈಕಲ್ ಉರುಳುವುದೇ ಇಲ್ಲ. ಒಣಗಿದ್ದರೆ ಮಾತ್ರ ಏರಿ, ಇಲ್ಲದಿದ್ದರೆ ಡಾಂಬರು.

ಪಂಕ್ಚರ್ ಎರಡು ಬಗೆ. ಈರೋಡಿನಿಂದ ಕರೂರು ತನಕ ರಸ್ತೆ ಬದಿಯಲ್ಲೆಲ್ಲ ಸೀಮೆಜಾಲಿ, ಮೂತ್ರಕ್ಕೆ ಅಂತ ಸೈಕಲ್ಲನ್ನು ಮಣ್ಣಿಗೆ ಇಳಿಸಿದರೆ ಮುಳ್ಳು ಖಚಿತ. ಸೈಕಲ್ ಡಾಂಬರಿನ ಮೇಲೇ ನಿಲ್ಲಲಿ, ನೀವು ಹೋಗಿ ಬನ್ನಿ. ಇನ್ನೊಂದು ಹೆದ್ದಾರಿಯ ಅಂಚಿನಲ್ಲಿ: ಸಿಡಿದ ಲಾರಿ ಟೈರಿನೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ. ಗಾಳಿ ಒಮ್ಮೆಲೇ ಹೋಗುವುದಿಲ್ಲ, ಬೆಳಗ್ಗೆ ನೋಡಿದರೆ ಮೆತ್ತಗಾಗಿರುತ್ತದೆ. ಟ್ಯೂಬ್ ಬದಲಿಸಿದರೂ ಮತ್ತೆ ಅದೇ ಕಥೆ, ಯಾಕೆಂದರೆ ತಂತಿ ಟೈರಿನಲ್ಲೇ ಇದೆ, ಹೊರಗಿನಿಂದ ಕಾಣುವುದಿಲ್ಲ. ಹೀಗೆ ಹುಡುಕಿ: ಟ್ಯೂಬ್ ತೆಗೆಯುವ ಮೊದಲೇ ವಾಲ್ವ್‌ಗೆ ಎದುರಾಗಿ ಟೈರಿನ ಮೇಲೆ ಚಾಕ್ ಗುರುತು ಹಾಕಿ. ಟ್ಯೂಬ್‌ಗೆ ಗಾಳಿ ತುಂಬಿ ತೂತು ವಾಲ್ವ್‌ನಿಂದ ಎಷ್ಟು ದೂರ ಅಂತ ನೋಡಿ, ಟೈರಿನಲ್ಲಿ ಅಷ್ಟೇ ದೂರ ಅಳೆದು, ಆ ಜಾಗವನ್ನು ಒಳಗಿನಿಂದ ಹತ್ತಿ ಬಟ್ಟೆಯಲ್ಲಿ ಒರೆಸಿ. ಬೆರಳು ಹಾಕಬೇಡಿ, ಚುಚ್ಚುತ್ತದೆ. ಹತ್ತಿ ಎಳೆ ಸಿಕ್ಕಿಕೊಂಡಲ್ಲಿ ತಂತಿ ಇದೆ. ಟೈರನ್ನು ಹಿಂದಕ್ಕೆ ಮಡಚಿದರೆ ತುದಿ ಎದ್ದು ಬರುತ್ತದೆ, ಚಿಮುಟದಲ್ಲಿ ಎಳೆಯಿರಿ. ಚಾಳೀಸು ಇದ್ದವರು ಸಣ್ಣ ಭೂತಗನ್ನಡಿ ಇಟ್ಟುಕೊಳ್ಳಿ, ನಗುವ ವಿಷಯ ಅಲ್ಲ.

ವಾಲ್ವ್ ಕಾರು, ಬೈಕಿನ ಮಾದರಿಯದ್ದೇ ಇರಲಿ, ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಆದರೆ ಬಂಕಿನ ಪೈಪನ್ನು ಅವರ ಕೈಗೆ ಬಿಡಬೇಡಿ, ಸಣ್ಣ ಟ್ಯೂಬ್ ಕ್ಷಣದಲ್ಲಿ ಸಿಡಿಯುತ್ತದೆ. 35 ಟೈರಿಗೆ ನಿಮ್ಮ ತೂಕದಲ್ಲಿ ಹಿಂದೆ 65, ಮುಂದೆ 50 ಪಿಎಸ್‌ಐ ಸಾಕು. ಫ್ರೇಮಿನಲ್ಲಿ ಜಾಗ ಇದ್ದರೆ 38 ಟೈರ್ ಹಾಕಿ 55, 45ಕ್ಕೆ ಇಳಿಸಿ, ಬೆನ್ನು ನಿಮ್ಮನ್ನು ಹರಸುತ್ತದೆ.

ತಂಗಲು ಕ್ಷೇತ್ರಗಳಲ್ಲಿ ಛತ್ರ, ಲಾಡ್ಜ್ ಧಾರಾಳ. ಶ್ರೀರಂಗದಲ್ಲಿ ದೇವಸ್ಥಾನದ್ದೇ ಯಾತ್ರಿ ನಿವಾಸ ಇದೆ. ತುಲಾ ಮಾಸದ ಶನಿವಾರ, ಭಾನುವಾರ ಮೊದಲೇ ಕಾದಿರಿಸಿ. ಆಧಾರ್ ಮೂಲ ಕಾರ್ಡ್ ಕೇಳುತ್ತಾರೆ. ದುಡ್ಡು ಕೊಡುವ ಮೊದಲು ಸೈಕಲ್ ಎಲ್ಲಿ ಇಡುವುದು ಅಂತ ಕೇಳಿ. ಮೂರನೇ ಮಹಡಿಯ ರೂಮು ಕೊಟ್ಟು ಸೈಕಲ್ ಬೀದಿಯಲ್ಲಿ ಅಂದರೆ ಮುಂದಿನ ಲಾಡ್ಜ್ ನೋಡಿ.

ಸೋಮವಾರಪೇಟೆ ಬ್ಯಾಟರಿ:
ಎಲೆಕ್ಟ್ರಿಕ್ ಸೈಕಲ್ ಆಗಬಾರದೇ? 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿನದ್ದಕ್ಕೆ ಲೈಸೆನ್ಸ್ ಬೇಡ.

ಸ್ಪೋಕ್ ಕೀಲಿ:
ಬಯಲಿಗೆ ಆಗುತ್ತದೆ. ಹಿಂದಿನ ಚಕ್ರದ ಹಬ್ಬಿನಲ್ಲಿ ಮೋಟರ್ ಇರುವಂಥದ್ದು ಕಡಿದಾದ ಏರಿನಲ್ಲಿ ನಿಧಾನ ತಿರುಗುವಾಗ ಬಿಸಿಯಾಗುತ್ತದೆ, ಕಂಟ್ರೋಲರ್ ಕೈಕೊಡುತ್ತದೆ. ಆಮೇಲೆ 25 ಕೆ.ಜಿ.ಯ ಸೈಕಲ್ ತಳ್ಳುವವರು ಯಾರು? ಪಂಕ್ಚರ್‌ಗೂ ವಯರ್ ಬಿಚ್ಚಬೇಕು. ಹೋಗುವುದಾದರೆ ಕ್ರ್ಯಾಂಕ್ ಬಳಿ ಮೋಟರ್ ಇರುವ ಮಾದರಿ.

ಕಿರುಗೂರು ತೋಟ:
ಫ್ರೀವೀಲ್ 14-34 ತರಿಸಿದ್ದಾಯಿತು, ಹಳೆಯದು ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ. ಟೂಲ್ ಇದೆ, ಸ್ಪ್ಯಾನರ್ ಜಾರಿ ಹಲ್ಲು ಸವೆಯುತ್ತಿದೆ. ಹಾಗೆಯೇ ಅಭ್ಯಾಸದ ಲೆಕ್ಕ, ವಾಪಸ್ ಬರುವ ದಾರಿ ಎರಡನ್ನೂ ಯಾರಾದರೂ ಹೇಳಿ.

ಸ್ಪೋಕ್ ಕೀಲಿ:
ಸ್ಪ್ಯಾನರ್ ಬಿಡಿ. ಟೂಲನ್ನು ಫ್ರೀವೀಲ್‌ನ ಹಲ್ಲಿಗೆ ಪೂರ್ತಿ ಕೂರಿಸಿ, ಆಕ್ಸಲ್ ನಟ್ಟಿನಿಂದ ಮೇಲೆ ಹಗುರಾಗಿ ಬಿಗಿಯಿರಿ, ಜಾರದಿರಲು. ವೆಲ್ಡಿಂಗ್ ಅಂಗಡಿಯ ಬೆಂಚ್ ವೈಸ್‌ನಲ್ಲಿ ಟೂಲ್ ಹಿಡಿಸಿ, ಚಕ್ರ ಮೇಲೆ ಅಡ್ಡ ಬರುತ್ತದೆ. ಈಗ ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಬಸ್ ಸ್ಟೀರಿಂಗ್ ತಿರುಗಿಸುವ ಹಾಗೆ ಎಡಕ್ಕೆ ತಿರುಗಿಸಿ. ಟಕ್ ಅಂದ ತಕ್ಷಣ ನಿಲ್ಲಿಸಿ ನಟ್ ಸಡಿಲಿಸಿ, ಇಲ್ಲದಿದ್ದರೆ ಆಕ್ಸಲ್ ಮೇಲೆ ಒತ್ತಡ ಬೀಳುತ್ತದೆ. ಹೊಸದನ್ನು ಹಾಕುವಾಗ ಮರೆಗೆ (ತಿರುಪಿನ ಸುರುಳಿ ಗೀರಿಗೆ) ಗ್ರೀಸ್ ಹಚ್ಚಿ ಕೈಯಲ್ಲೇ ತಿರುಗಿಸಿ, ಮೊದಲ ಏರಿನಲ್ಲಿ ತಾನೇ ಬಿಗಿಯಾಗುತ್ತದೆ. ಮರೆ ಅಡ್ಡ ಹತ್ತಿದರೆ ಹಬ್ಬೇ ಹೋಯಿತು, ಅವಸರ ಬೇಡ.

ಮಂಡಿಚಿಪ್ಪು:
ಅಭ್ಯಾಸ: ಮೊದಲ ತಿಂಗಳು ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ಸಾಮಾನಿಲ್ಲದೆ. ಆಮೇಲೆ ವಾರದ ಒಂದು ಸವಾರಿಯನ್ನು ಮಾತ್ರ ವಾರಕ್ಕೆ ಐದು ಕಿ.ಮೀ.ನಂತೆ ಬೆಳೆಸಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಕೊನೆಯ ಆರು ವಾರ ಪೂರ್ತಿ ಸಾಮಾನು ಹೇರಿ. ಮಳೆಗಾಲದಲ್ಲಿ ಹೊರಗೆ ಆಗದಿದ್ದರೆ ಹಿಂದಿನ ಚಕ್ರ ಕೂರಿಸುವ ಟ್ರೈನರ್ ಮೇಲೆ ಮನೆಯಲ್ಲೇ ತುಳಿಯಬಹುದು, ಆದರೆ ಕೈಹಿಡಿತ, ಇಳಿತ ಅದರಲ್ಲಿ ಬರುವುದಿಲ್ಲ. ಹೊರಡುವ ಮೊದಲು ಸತತ ಮೂರು ದಿನ ನಲವತ್ತರಂತೆ ಒಮ್ಮೆಯಾದರೂ ಮಾಡಿ. ಒಂದು ದಿನ ಎಂಬತ್ತು ಹೊಡೆಯುವುದು ಪರೀಕ್ಷೆಯಲ್ಲ, ಮೂರನೇ ಬೆಳಗ್ಗೆ ಸೀಟಿನ ಮೇಲೆ ಕೂರಲು ಆಗುತ್ತದಾ ಅನ್ನುವುದು ಪರೀಕ್ಷೆ.

ಕಾವೇರಿ ಕೆಳದಂಡೆ:
ವಾಪಸ್ಸಿಗೆ ಮಯಿಲಾಡುತುರೈಯಿಂದ ಕುಂಭಕೋಣ, ತಿರುಚ್ಚಿ, ಈರೋಡು, ಬೆಂಗಳೂರು ಮೇಲೆ ಮೈಸೂರಿಗೆ ನೇರ ರಾತ್ರಿ ರೈಲಿದೆ. ಸೈಕಲ್ಲನ್ನು ನಿಮ್ಮ ಟಿಕೆಟ್ ತೋರಿಸಿ ಪಾರ್ಸೆಲ್ ಆಫೀಸಿನಲ್ಲಿ ಲಗೇಜ್ ಅಂತ ಬುಕ್ ಮಾಡಿಸಿ. ಬರಿ ಪಾರ್ಸೆಲ್ ಅಂತ ಮಾಡಿಸಿದರೆ ಅದೇ ರೈಲಿನಲ್ಲಿ ಬರುವ ಭರವಸೆ ಇಲ್ಲ. ಎರಡು ಮೂರು ಗಂಟೆ ಮೊದಲೇ ಹೋಗಿ. ದೀಪ, ಬಾಟಲಿ, ಪಂಪು ಬಿಚ್ಚಿಕೊಳ್ಳಿ, ಪೆಡಲ್ ಕಳಚಿ (ಎಡಗಡೆಯದ್ದು ಉಲ್ಟಾ ಮರೆ), ಹ್ಯಾಂಡಲ್ ಅಡ್ಡ ತಿರುಗಿಸಿ, ಡಿರೇಲರ್ ಮೇಲೆ ರಟ್ಟು ಕಟ್ಟಿ. ಹೆಸರು, ಫೋನು, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಇಂಗ್ಲಿಷಿನಲ್ಲಿ ದಪ್ಪ ಮಾರ್ಕರ್‌ನಲ್ಲಿ ಎರಡು ಕಡೆ ಬರೆಯಿರಿ. ಕೊಡಗಿಗೆ ರೈಲಿಲ್ಲ, ಮೈಸೂರಿನಿಂದ ಪಿಕಪ್ಪೇ ಗತಿ. ರಶೀದಿ ಇಲ್ಲದೆ ಸೈಕಲ್ ಕೊಡುವುದಿಲ್ಲ, ಅದನ್ನು ಚೀಲದಲ್ಲಿ ಇಡಬೇಡಿ, ಜೇಬಿನಲ್ಲಿರಲಿ.

ಕಿರುಗೂರು ತೋಟ:
ವೈಸ್‌ನಲ್ಲಿ ಬಿಚ್ಚಿತು. ಹೊಸದು ಕೂತಿದೆ, ಆದರೆ 34ಕ್ಕೆ ಹಾಕಿದಾಗ ಡಿರೇಲರ್‌ನ ಮೇಲಿನ ಪುಟ್ಟ ಚಕ್ರ ಫ್ರೀವೀಲ್‌ಗೆ ತಾಗಿ ಗರಗರ ಅನ್ನುತ್ತಿದೆ.

ಸ್ಪೋಕ್ ಕೀಲಿ:
ಡಿರೇಲರ್ ಹಿಂಭಾಗದಲ್ಲಿ, ಫ್ರೇಮಿಗೆ ಸೇರುವ ಕಡೆ, ಒಂದು ಒಂಟಿ ತಿರುಪು ಇದೆ, ಬಿ-ಸ್ಕ್ರೂ. ಮುಂದೆ 24, ಹಿಂದೆ 34ಕ್ಕೆ ಹಾಕಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಅದನ್ನು ಅರ್ಧರ್ಧ ಸುತ್ತು ಬಿಗಿಯಿರಿ. ಪುಟ್ಟ ಚಕ್ರಕ್ಕೂ ಫ್ರೀವೀಲ್‌ನ ಹಲ್ಲಿಗೂ ನಡುವೆ ಐದಾರು ಎಂ.ಎಂ. ಬಿಟ್ಟರೆ ಸಾಕು. ಹೆಚ್ಚು ಬಿಗಿದರೆ ಸಣ್ಣ ಗೇರುಗಳು ತಡವಾಗಿ ಬೀಳುತ್ತವೆ. ಆಮೇಲೆ ಎಲ್-ಸ್ಕ್ರೂ (ಡಿರೇಲರ್ ಕಡ್ಡಿಯ ಕಡೆಗೆ ಮಿತಿ ಮೀರಿ ಹೋಗದಂತೆ ತಡೆಯುವ ತಿರುಪು) ನೋಡಿ, 34ರ ಆಚೆ ಚೈನ್ ಹಾರಿ ಕಡ್ಡಿಗೆ ಬೀಳಬಾರದು.